ಷೆವಿ 350 ಸ್ಮಾಲ್ ಬ್ಲಾಕ್, ರಸ್ತೆ ಕಾರು: ಯಾವ ಇನ್‌ಟೇಕ್ ಮ್ಯಾನಿಫೋಲ್ಡ್ ಹಾಕಬೇಕು?

ನೋವಾ_72
ನಮಸ್ಕಾರ. ಕಾರು 1972ರ ಷೆವಿ (ಷೆವರ್ಲೆ) ನೋವಾ, ಮಿಷಿಗನ್‌ನಲ್ಲಿದೆ. 350 ಘನ ಇಂಚಿನ ವಿ8 ಇಂಜಿನ್, ಹಳೇ ಕಬ್ಬಿಣದ ಹೆಡ್, ಕಂಪ್ರೆಷನ್ 9:1 ಹತ್ತಿರ. ಕ್ಯಾಮ್ (ವಾಲ್ವ್ ತೆರೆಯೋ ಶಾಫ್ಟ್) ಹೈಡ್ರಾಲಿಕ್ ಫ್ಲಾಟ್ ಟ್ಯಾಪೆಟ್, 0.050 ಇಂಚು ಲಿಫ್ಟ್‌ನಲ್ಲಿ 218/228 ಡಿಗ್ರಿ. ಟಿಎಚ್350 ಆಟೊಮ್ಯಾಟಿಕ್, ಕಂಪನಿ ಟಾರ್ಕ್ ಕನ್ವರ್ಟರ್, ಆಕ್ಸಲ್ ಗೇರ್ ಅನುಪಾತ 3.08, ಟೈರ್ 26 ಇಂಚು. ಮೇಲೆ ಕಂಪನಿಯ ಕಬ್ಬಿಣದ ಇನ್‌ಟೇಕ್ ಮ್ಯಾನಿಫೋಲ್ಡ್ (ಕಾರ್ಬ್‌ನಿಂದ ಗಾಳಿ, ಪೆಟ್ರೋಲನ್ನ ಸಿಲಿಂಡರ್‌ಗಳಿಗೆ ಹಂಚೋ ಎರಕ), ಕ್ವಾಡ್ರಾಜೆಟ್ ಕಾರ್ಬ್ (ನಾಲ್ಕು ಬ್ಯಾರೆಲ್‌ನ ಕಾರ್ಬ್ಯುರೇಟರ್). ಊರೊಳಗೂ ಹೈವೇನಲ್ಲೂ ಓಡಾಡೋ ಕಾರು, ಟ್ರ್ಯಾಕ್‌ಗೆ ಹೋಗೋದಿಲ್ಲ. ಎಡೆಲ್‌ಬ್ರಾಕ್ ಪರ್ಫಾರ್ಮರ್ 2101, ಪರ್ಫಾರ್ಮರ್ ಆರ್‌ಪಿಎಂ 7101, ಅದರ ಏರ್-ಗ್ಯಾಪ್ 7501, ವಿಕ್ಟರ್ ಜೂನಿಯರ್ 2975 ಇವಿಷ್ಟು ನೋಡಿದ್ದೀನಿ. ಯಾವುದು ತಗೊಳ್ಳೋದು?

ನಾಲ್ಕು_ಬ್ಯಾರೆಲ್
ಸ್ಪೆಕ್ ಪೂರ್ತಿ ಕೊಟ್ಟಿದ್ದೀರಿ, ಅರ್ಧ ಕೆಲಸ ಆಯ್ತು. ಮೊದಲು ಇಂಜಿನ್ ಎಷ್ಟು ಆರ್‌ಪಿಎಂನಲ್ಲಿ ಬದುಕುತ್ತೆ ಅಂತ ಲೆಕ್ಕ ಹಾಕಿ. ಮೈಲಿ ವೇಗ × ಆಕ್ಸಲ್ ಅನುಪಾತ × 336, ಅದನ್ನ ಟೈರ್ ವ್ಯಾಸದಿಂದ ಭಾಗಿಸಿ. 65 ಮೈಲಿಗೆ ನಿಮ್ಮ ಕಾರಿನಲ್ಲಿ 2590 ಹತ್ತಿರ ಬರುತ್ತೆ, ಕನ್ವರ್ಟರ್ ಜಾರೋದು ಬಿಟ್ಟು. ಅದೇ ಕಾರಿಗೆ 3.73 ಆಕ್ಸಲ್ ಇದ್ದಿದ್ರೆ 3130. ಊರೊಳಗೆ ನೀವು ಇರೋದು 1200ರಿಂದ 2500ರ ಮಧ್ಯೆ.

ಈಗ ತಯಾರಕರೇ ಹೇಳೋ ವ್ಯಾಪ್ತಿ ನೋಡಿ. ಪರ್ಫಾರ್ಮರ್ ಐಡಲ್‌ನಿಂದ 5500. ಪರ್ಫಾರ್ಮರ್ ಆರ್‌ಪಿಎಂ, ಏರ್-ಗ್ಯಾಪ್ ಎರಡೂ 1500ರಿಂದ 6500. ವಿಕ್ಟರ್ ಜೂನಿಯರ್ 3500ರಿಂದ 8000. ಅಂದ್ರೆ ಹೈವೇನಲ್ಲಿ 65ರಲ್ಲಿ ಹೋಗ್ತಿದ್ದಾಗಲೂ ವಿಕ್ಟರ್ ಜೂನಿಯರ್‌ನ ಕೆಲಸ ಶುರುವೇ ಆಗಿರೋದಿಲ್ಲ. ನಿಮ್ಮ ಕ್ಯಾಮ್ ಕೂಡ 5500 ದಾಟಿದ ಮೇಲೆ ಸುಸ್ತಾಗುತ್ತೆ. ಅದನ್ನ ಪಟ್ಟಿಯಿಂದ ತೆಗೆದುಬಿಡಿ.

ಧಾರವಾಡ_ಪೇಢೆ
ಸರ್, ಒಂದು ಮಾತು. ಡೈನೊ (ಇಂಜಿನ್ ಶಕ್ತಿ ಅಳಿಯೋ ಯಂತ್ರ) ಗ್ರಾಫ್‌ನ್ಯಾಗ ಸಿಂಗಲ್ ಪ್ಲೇನ್ (ವಿಕ್ಟರ್ ಜೂನಿಯರ್ ಥರದ್ದು) ಮ್ಯಾಲೆ ಹೋದಾಗ ಯಾವಾಗ್ಲೂ ಹೆಚ್ಚು ಕುದುರೆಶಕ್ತಿ ತೋರಸ್ತೈತಿ. ಮತ್ತ ರಸ್ತೆ ಮ್ಯಾಲೆ ಯಾಕ ಬ್ಯಾಡ?

ನಾಲ್ಕು_ಬ್ಯಾರೆಲ್
ಗ್ರಾಫ್ ಎಲ್ಲಿಂದ ಶುರುವಾಗಿದೆ ನೋಡಿ ಸರ್. ಇಂಜಿನ್ ಡೈನೊದಲ್ಲಿ ಫುಲ್ ಥ್ರಾಟಲ್ ಎಳೆತ ಸಾಮಾನ್ಯವಾಗಿ 2500 ಅಥವಾ 3000ದಿಂದ ಮೇಲಕ್ಕೆ. ನೀವು ಸಿಗ್ನಲ್‌ನಿಂದ ಹೊರಡೋ ಜಾಗ ಆ ಕಾಗದದ ಮೇಲೇ ಇರೋದಿಲ್ಲ.

ಒಳಗೆ ನಡೆಯೋದು ಹೀಗೆ. 350ರ ಫೈರಿಂಗ್ ಆರ್ಡರ್ 1-8-4-3-6-5-7-2. ಡ್ಯುಯಲ್ ಪ್ಲೇನ್‌ನಲ್ಲಿ (ಪರ್ಫಾರ್ಮರ್, ಪರ್ಫಾರ್ಮರ್ ಆರ್‌ಪಿಎಂ ಥರದ್ದು) ಕಾರ್ಬ್‌ನ ಒಂದು ಬದಿ 1, 4, 6, 7ಕ್ಕೆ ಕೊಡುತ್ತೆ, ಇನ್ನೊಂದು ಬದಿ 8, 3, 5, 2ಕ್ಕೆ. ಆರ್ಡರ್‌ನಲ್ಲಿ ಒಂದು ಬಿಟ್ಟು ಒಂದು ಓದಿ, ಅದೇ ಬರುತ್ತೆ. ಹಾಗಾಗಿ ಒಂದೊಂದು ಪ್ಲೇನ್‌ಗೂ ಕ್ರ್ಯಾಂಕ್ 180 ಡಿಗ್ರಿ ತಿರುಗಿದಾಗ ಒಂದು ಎಳೆತ, ಒಂದರ ಎಳೆತಕ್ಕೆ ಇನ್ನೊಂದು ಅಡ್ಡ ಬರೋದಿಲ್ಲ. ಪ್ಲೀನಂ (ಕಾರ್ಬ್ ಕೆಳಗಿನ ಗಾಳಿ ಕೋಣೆ) ಚಿಕ್ಕದು, ರನ್ನರ್ (ಸಿಲಿಂಡರ್‌ಗೆ ಹೋಗೋ ಕೊಳವೆ) ಉದ್ದ. ಕಾರ್ಬ್‌ನ ವೆಂಚುರಿಗೆ (ಗಾಳಿ ಹಾದುಹೋಗೋ ಕಿರಿದಾದ ಕತ್ತು) ಬಲವಾದ ಸಿಗ್ನಲ್, ಅಂದ್ರೆ ಎಳೆತ, ಸಿಗುತ್ತೆ, ಕಡಿಮೆ ಆರ್‌ಪಿಎಂನಲ್ಲೂ ಪೆಟ್ರೋಲ್ ಚೆನ್ನಾಗಿ ಪುಡಿಯಾಗಿ ಗಾಳಿಯ ಜೊತೆಗೇ ಹೋಗುತ್ತೆ.

ಸಿಂಗಲ್ ಪ್ಲೇನ್‌ನಲ್ಲಿ ಎಂಟೂ ಸಿಲಿಂಡರ್ ಒಂದೇ ದೊಡ್ಡ ಪ್ಲೀನಂನಿಂದ ಎಳೆಯುತ್ತವೆ. ಮೇಲೆ ಹೋದಾಗ ಲಾಭ: ರನ್ನರ್ ನೇರ, ತಿರುವು ಕಡಿಮೆ, ಪ್ರತಿ ಸಿಲಿಂಡರ್‌ಗೂ ನಾಲ್ಕೂ ಬ್ಯಾರೆಲ್ ಸಿಗುತ್ತೆ. ಕೆಳಗೆ ನಷ್ಟ: ಗಾಳಿಯ ವೇಗ ಬೀಳುತ್ತೆ, ಪೆಟ್ರೋಲ್ ಪ್ಲೀನಂ ತಳದಲ್ಲಿ ಒದ್ದೆಯಾಗಿ ಕೂರುತ್ತೆ. ಸಾಲದ್ದಕ್ಕೆ 5 ಮತ್ತು 7 ಪಕ್ಕಪಕ್ಕದ ಸಿಲಿಂಡರ್‌ಗಳು, ಒಂದಾದ ಮೇಲೊಂದು ಫೈರ್ ಆಗುತ್ತವೆ. 5ರ ವಾಲ್ವ್ ಮುಚ್ಚೋ ಮುಂಚೆ 7ರದು ತೆರೆದುಕೊಳ್ಳುತ್ತೆ, ಹಂಚಿಕೆ ಏರುಪೇರಾಗುತ್ತೆ. ರೇಸ್ ಇಂಜಿನ್ ಕಟ್ಟೋರು ಪ್ರತಿ ಪ್ಲಗ್ ಬಿಚ್ಚಿ ಬಣ್ಣ ಓದಿ ಜೆಟ್ಟಿಂಗ್ (ಕಾರ್ಬ್‌ನ ಪೆಟ್ರೋಲ್ ಅಳತೆ) ಸರಿಮಾಡ್ತಾರೆ. ದಿನಾ ಓಡೋ ಕಾರಿಗೆ ಆ ತಲೆನೋವು ಯಾಕೆ?

ವ್ಯಾಕ್ಯೂಮ್_ಗೇಜ್
ರನ್ನರ್ ಉದ್ದದ ಪರಿಣಾಮ ನೋಡಬೇಕಾದ್ರೆ ಷೆವಿಯದೇ ಉದಾಹರಣೆ ಇದೆ. 1980ರ ದಶಕದ ಕ್ಯಾಮಾರೋ, ಕಾರ್ವೆಟ್‌ಗಳ ಟ್ಯೂನ್ಡ್ ಪೋರ್ಟ್ ಇಂಜೆಕ್ಷನ್. ತುಂಬ ಉದ್ದ, ಸಣ್ಣ ಕೊಳವೆಗಳು. ಕೆಳಗೆ ಟಾರ್ಕ್ ಭರ್ಜರಿ, 4500 ದಾಟಿದ್ರೆ ಉಸಿರುಕಟ್ಟುತ್ತೆ. ಇಂಜಿನ್ ಇದೇ ಸ್ಮಾಲ್ ಬ್ಲಾಕ್. ಮ್ಯಾನಿಫೋಲ್ಡ್ ಟಾರ್ಕನ್ನ ಹುಟ್ಟಿಸೋದಿಲ್ಲ, ಯಾವ ಆರ್‌ಪಿಎಂನಲ್ಲಿ ಸಿಗಬೇಕು ಅಂತ ತೀರ್ಮಾನ ಮಾಡುತ್ತೆ.

ಗ್ಯಾರೇಜ್_ಗೌಡ
ಪರ್ಫಾರ್ಮರ್ ಆರ್‌ಪಿಎಂ ತಗೊಳ್ಳಿ ಗುರು, ಸಾದಾ ಪರ್ಫಾರ್ಮರ್ ಬೇಡ. ಪರ್ಫಾರ್ಮರ್ ಅಂದ್ರೆ ಕಂಪನಿ ಮ್ಯಾನಿಫೋಲ್ಡನ್ನೇ ಅಲ್ಯೂಮಿನಿಯಂನಲ್ಲಿ ಎರಕ ಹೊಯ್ದು ಸ್ವಲ್ಪ ತಿದ್ದಿದ ಹಾಗೆ. ತೂಕ ಇಳಿಯುತ್ತೆ, ನೋಡೋಕೆ ಚೆನ್ನಾಗಿರುತ್ತೆ, ಸೀಟಲ್ಲಿ ಕೂತವನಿಗೆ ವ್ಯತ್ಯಾಸ ಅಷ್ಟಕ್ಕಷ್ಟೆ. ಆರ್‌ಪಿಎಂ ಕೂಡ ಡ್ಯುಯಲ್ ಪ್ಲೇನೇ, 3000ದ ಕೆಳಗೆ ಕಳಕೊಳ್ಳೋದು ತೀರಾ ಅಲ್ಪ, 4000 ಮೇಲೆ ಚೆನ್ನಾಗಿ ಎಳೆಯುತ್ತೆ.

ನಾಲ್ಕು_ಬ್ಯಾರೆಲ್
ಗೌಡ್ರೆ, ಕಂಪನಿ ಕನ್ವರ್ಟರ್, 3.08 ಆಕ್ಸಲ್ ಇರೋವರೆಗೆ ಆ 4000 ಮೇಲಿನ ಲಾಭ ಎಷ್ಟು ಸಲ ಬಳಕೆಗೆ ಬರುತ್ತೆ? ಇದೇ ಜೋಡಣೆಯಲ್ಲೇ ಇರ್ತೀನಿ ಅಂದ್ರೆ ಪರ್ಫಾರ್ಮರ್ ಅಥವಾ ಪರ್ಫಾರ್ಮರ್ ಇಪಿಎಸ್ 2701 ಸಾಕು. ಮುಂದೆ ಆಕ್ಸಲ್ 3.42 ಅಥವಾ 3.73 ಮಾಡ್ತೀನಿ, ಕನ್ವರ್ಟರ್ 2200 ಆರ್‌ಪಿಎಂ ಸ್ಟಾಲ್ ಆಸುಪಾಸಿನದು ಹಾಕ್ತೀನಿ ಅನ್ನೋ ಯೋಚನೆ ಇದ್ರೆ ಆರ್‌ಪಿಎಂ. ಆ ದುಡ್ಡಲ್ಲಿ ಮೊದಲು ಆಕ್ಸಲ್ ಗೇರ್ ಬದಲಿಸಿದ್ರೆ ಯಾವ ಮ್ಯಾನಿಫೋಲ್ಡ್‌ಗಿಂತಲೂ ಜಾಸ್ತಿ ವ್ಯತ್ಯಾಸ ಗೊತ್ತಾಗುತ್ತೆ, ಅದು ಬೇರೆ ಮಾತು.

ನೋವಾ_72
ಬರೋ ವರ್ಷ 3.42 ಹಾಕೋ ಯೋಚನೆ ಇದೆ. ಹಾಗಾದ್ರೆ ಆರ್‌ಪಿಎಂ ಕಡೆ ಒಲವು. ಏರ್-ಗ್ಯಾಪ್‌ಗೆ ಹೆಚ್ಚು ದುಡ್ಡು ಕೊಡೋದ್ರಲ್ಲಿ ಅರ್ಥ ಇದೆಯಾ?

ವ್ಯಾಕ್ಯೂಮ್_ಗೇಜ್
ಏರ್-ಗ್ಯಾಪ್‌ನಲ್ಲಿ ರನ್ನರ್‌ಗಳಿಗೂ ಲಿಫ್ಟರ್ ವ್ಯಾಲಿ (ಎರಡು ಹೆಡ್ ನಡುವಿನ ತಗ್ಗು) ಮುಚ್ಚೋ ತಳದ ತಗಡಿಗೂ ಮಧ್ಯೆ ತೆರೆದ ಜಾಗ ಇರುತ್ತೆ. ಕೆಳಗಿನ ಬಿಸಿ ಆಯಿಲ್ ರನ್ನರ್‌ಗೆ ತಾಗೋದಿಲ್ಲ. ಹೆಡ್‌ನ ಮಧ್ಯದಿಂದ ಎಕ್ಸಾಸ್ಟ್ ಬಿಸಿ ಕಾರ್ಬ್ ಕೆಳಗೆ ಬರೋ ಕ್ರಾಸ್‌ಓವರ್ ದಾರಿಯೂ ಇರೋದಿಲ್ಲ. ಒಳಗೆ ಹೋಗೋ ಗಾಳಿ ತಣ್ಣಗಿರುತ್ತೆ, ಸಾಂದ್ರತೆ ಹೆಚ್ಚು. ಟೆಕ್ಸಾಸ್, ಅರಿಜೋನಾದಂಥ ಕಡೆ ಬೇಸಿಗೆಯಲ್ಲಿ ಕಾರ್ಬ್ ಕಾದು ಪೆಟ್ರೋಲ್ ಕುದಿಯೋದೂ ತಗ್ಗುತ್ತೆ.

ಮಿಷಿಗನ್‌ನಲ್ಲಿ ಲೆಕ್ಕ ಬೇರೆ. ಚಳಿಯಲ್ಲಿ ಸ್ಟಾರ್ಟ್ ಮಾಡಿದ್ರೆ ಇಂಜಿನ್ ಹದಕ್ಕೆ ಬರೋಕೆ ಹೆಚ್ಚು ಹೊತ್ತು ಬೇಕು, ಅಲ್ಲಿವರೆಗೂ ಆಕ್ಸಿಲರೇಟರ್ ಒತ್ತಿದಾಗ ಮುಗ್ಗರಿಸುತ್ತೆ. ತೇವ ಇರೋ ತಂಪು ದಿನ, ಸೊನ್ನೆ ಡಿಗ್ರಿಗಿಂತ ಸ್ವಲ್ಪ ಮೇಲಿದ್ದಾಗ, ಕಾರ್ಬ್ ಒಳಗೆ ಮಂಜುಗಡ್ಡೆ ಕಟ್ಟೋದೂ ಉಂಟು. ಏಪ್ರಿಲ್‌ನಿಂದ ಅಕ್ಟೋಬರ್ ಮಾತ್ರ ಓಡಿಸ್ತೀರಾದ್ರೆ ಏರ್-ಗ್ಯಾಪ್ ನಡೆಯುತ್ತೆ. ವರ್ಷಪೂರ್ತಿ ಅಂದ್ರೆ ಸಾದಾ ಆರ್‌ಪಿಎಂ ಸಾಕು.

ಗ್ಯಾರೇಜ್_ಗೌಡ
ಕ್ರಾಸ್‌ಓವರ್ ಮಾತು ಬಂತಲ್ಲ, ಇದನ್ನ ಹೆಚ್ಚಿನೋರು ಮರೀತಾರೆ. ಕ್ರಾಸ್‌ಓವರ್ ಮುಚ್ಚಿದ್ರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೆಳಗಿನ ಹೀಟ್ ರೈಸರ್ ವಾಲ್ವ್ ನೋಡಿ. ಅದು ಚಳಿಯಲ್ಲಿ ಒಂದು ಬದಿಯ ಎಕ್ಸಾಸ್ಟನ್ನ ತಡೆದು ಇನ್‌ಟೇಕ್ ಮೂಲಕ ಇನ್ನೊಂದು ಬದಿಗೆ ಕಳಿಸೋಕೆ ಇರೋದು. ದಾರಿ ಮುಚ್ಚಿ, ವಾಲ್ವ್ ತುಕ್ಕು ಹಿಡಿದು ಮುಚ್ಚಿದಂತೇ ನಿಂತಿದ್ರೆ ಆ ಬದಿಯ ಹೊಗೆಗೆ ಹೋಗೋಕೆ ಜಾಗವೇ ಇಲ್ಲ. ತೆಗೆದುಬಿಡಿ, ಇಲ್ಲ ತೆರೆದ ಸ್ಥಿತಿಯಲ್ಲಿ ತಂತಿ ಕಟ್ಟಿ. ಮತ್ತೆ, ಹಳೇ ಕಾರುಗಳ ಚೋಕ್ ಕಾಯಿಲ್ ಮ್ಯಾನಿಫೋಲ್ಡ್ ಮೇಲೇ ಕೂತು ಆ ಬಿಸಿಯಿಂದ ಕೆಲಸ ಮಾಡೋದು. ಹೊಸ ಮ್ಯಾನಿಫೋಲ್ಡ್‌ಗೆ ಎಲೆಕ್ಟ್ರಿಕ್ ಚೋಕ್ ಬೇಕಾಗುತ್ತೆ.

ಧಾರವಾಡ_ಪೇಢೆ
ತಗೊಳ್ಳೋ ಮುಂಚೆ ಹೆಡ್ ಯಾವುದು ಅಂತ ಖಾತ್ರಿ ಮಾಡ್ಕೋರಿ. 350 ಅಂದ ಕೂಡ್ಲೇ ಎಲ್ಲಾ ಒಂದಲ್ಲ. 1986ರ ತನಕದ್ದಕ್ಕ 12 ಬೋಲ್ಟ್, ಎಲ್ಲಾ ಒಂದೇ ಕೋನ. 1987ರಿಂದ 1995ರ ಕಬ್ಬಿಣದ ಹೆಡ್ಡಿಗೂ 12ನೇ, ಆದ್ರ ಪ್ರತಿ ಬದಿ ನಡುವಿನ ಎರಡು ಬೋಲ್ಟಿನ ಕೋನ ಬ್ಯಾರೆ. 1996ರ ವೋರ್ಟೆಕ್ ಹೆಡ್ಡಿಗೆ ಬರೇ 8 ಬೋಲ್ಟ್, ಪೋರ್ಟೂ ಎತ್ತರ. ಬಹಳ ಮಂದಿ ಹಳೇ ಇಂಜಿನ್ ಮ್ಯಾಲೆ ಗುಜರಿಯಿಂದ ತಂದ ವೋರ್ಟೆಕ್ ಹೆಡ್ ಕುಂದರಸ್ತಾರ. ಆ ಎರಕದ ನಂಬರಿನ ಕಡೇ ಮೂರು ಅಂಕಿ 906 ಇಲ್ಲಾ 062 ಇರ್ತೈತಿ. ಹಂಗಿದ್ರ 7101 ಕುಂದರಂಗಿಲ್ಲ, 7116 ಬೇಕು. ವಾಲ್ವ್ ಕವರ್ ತಗದು ನಂಬರ್ ಓದ್ರಿ, ಮಾರಿದಾಂವ ಹೇಳಿದ್ದ ನಂಬಬ್ಯಾಡ್ರಿ.

ನೋವಾ_72
ನೋಡಿದೆ, ಹಳೇ ಹೆಡ್ಡೇ, 12 ಬೋಲ್ಟ್, ಎಲ್ಲಾ ಒಂದೇ ಕೋನ. ಕ್ವಾಡ್ರಾಜೆಟ್ ಇಟ್ಕೊಳ್ಳೋದಾ, ಹಾಲಿ (Holley) ಕಂಪನಿಯ ಕಾರ್ಬ್ ತರೋದಾ?

ನಾಲ್ಕು_ಬ್ಯಾರೆಲ್
ಕೆಟ್ಟಿಲ್ಲ ಅಂದ್ರೆ ಕ್ವಾಡ್ರಾಜೆಟ್ ಬಿಸಾಕಬೇಡಿ. ರಸ್ತೆಗೆ ಅದರಷ್ಟು ಹೊಂದೋ ಕಾರ್ಬ್ ಕಡಿಮೆ: ಮುಂದಿನ ಎರಡು ಬ್ಯಾರೆಲ್ ಸಣ್ಣವು, ಹಿಂದಿನವು ದೊಡ್ಡವು, ಮೆಲ್ಲಗೆ ಓಡಿಸಿದ್ರೆ ಪೆಟ್ರೋಲೂ ಉಳಿಯುತ್ತೆ. ಆದ್ರೆ ಅದು ಸ್ಪ್ರೆಡ್ ಬೋರ್ (ಹಿಂದಿನ ತೂತು ದೊಡ್ಡವು), 7101 ಸ್ಕ್ವೇರ್ ಬೋರ್ (ನಾಲ್ಕೂ ಹೆಚ್ಚುಕಡಿಮೆ ಒಂದೇ ಅಳತೆ). ಮಧ್ಯೆ ಅಡಾಪ್ಟರ್ ಹಾಕಿದ್ರೆ ಎತ್ತರ ಏರುತ್ತೆ, ಗಾಳಿ ಹರಿಯೋ ದಾರಿಯಲ್ಲಿ ಮೆಟ್ಟಿಲು ಬೀಳುತ್ತೆ, ಗ್ಯಾಸ್ಕೆಟ್ ಒಂದರ ಬದಲು ಎರಡು. ಕ್ವಾಡ್ರಾಜೆಟ್‌ಗೆಂದೇ ಮಾಡಿದ ಆರ್‌ಪಿಎಂ 7104 ಇದೆ, ಅದನ್ನ ಕೇಳಿ.

ಹೊಸ ಕಾರ್ಬ್ ತರೋದಾದ್ರೆ ಲೆಕ್ಕ: ಘನ ಇಂಚು × ಗರಿಷ್ಠ ಆರ್‌ಪಿಎಂ, ಭಾಗಿಸು 3456. 350 × 6000 ಅಂದ್ರೆ 608 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ), ಅದೂ ಸಿಲಿಂಡರ್ ನೂರಕ್ಕೆ ನೂರು ತುಂಬಿದ್ರೆ. ರಸ್ತೆ ಇಂಜಿನ್ 85ರಷ್ಟು ತುಂಬುತ್ತೆ ಅಂದ್ಕೊಂಡ್ರೆ 516. ಹಾಗಾಗಿ 600ರಿಂದ 650, ವ್ಯಾಕ್ಯೂಮ್ ಸೆಕೆಂಡರಿ (ಹಿಂದಿನ ಬ್ಯಾರೆಲ್ ಇಂಜಿನ್ ಎಳೆತಕ್ಕೆ ತಕ್ಕಂತೆ ತೆರೆಯೋದು). ಡಬಲ್ ಪಂಪರ್ (ಹಿಂದಿನ ಬ್ಯಾರೆಲ್ ನೇರ ಲಿಂಕ್‌ನಿಂದ ತೆರೆಯೋದು) ನೋಡಿ ಆಸೆಪಡಬೇಡಿ, ಆಟೊಮ್ಯಾಟಿಕ್ ಮತ್ತು 3.08ಕ್ಕೆ ಅದು ಹೊಂದೋದಿಲ್ಲ.

ವ್ಯಾಕ್ಯೂಮ್_ಗೇಜ್
ಹಾಗಾದ್ರೆ 750 ಸಿಎಫ್‌ಎಂ ಕ್ವಾಡ್ರಾಜೆಟ್ ದೊಡ್ಡದಾಗಲ್ವಾ ಅಂತ ಯಾರಾದ್ರೂ ಕೇಳೋ ಮುಂಚೆ: ಅದರ ಸೆಕೆಂಡರಿ ಮೇಲೆ ಏರ್ ವಾಲ್ವ್ ಇದೆ, ಇಂಜಿನ್ ಎಳೆದಷ್ಟೇ ತೆರೆಯುತ್ತೆ.

ಗ್ಯಾರೇಜ್_ಗೌಡ
ಎತ್ತರ. ಆರ್‌ಪಿಎಂ, ಪರ್ಫಾರ್ಮರ್‌ಗಿಂತ ಸುಮಾರು ಅರ್ಧ ಇಂಚು ಎತ್ತರ. ನೋವಾದಲ್ಲಿ ಸಾಮಾನ್ಯವಾಗಿ ತೊಂದರೆ ಇಲ್ಲ, ಕಾರ್ವೆಟ್‌ನಲ್ಲಿ ಬಾನೆಟ್ ಮುಚ್ಚೋದೇ ಕಷ್ಟ. ಆದ್ರೂ ಅಳೀರಿ. ಈಗಿರೋ ಏರ್ ಕ್ಲೀನರ್ ಮುಚ್ಚಳದ ಮೇಲೆ ನಾಲ್ಕು ಕಡೆ ಮಕ್ಕಳ ಆಟದ ಜೇಡಿಮಣ್ಣಿನ ಗುಡ್ಡೆ ಇಟ್ಟು, ಬಾನೆಟ್ ಮೆಲ್ಲಗೆ ಮುಚ್ಚಿ ತೆಗೆದು, ಉಳಿದ ದಪ್ಪ ಅಳೆಯಿರಿ. ಹೊಸ ಮ್ಯಾನಿಫೋಲ್ಡ್ ಹೆಚ್ಚಿಸೋ ಎತ್ತರ ಕಳೆದ ಮೇಲೂ ಮುಕ್ಕಾಲು ಇಂಚು ಉಳೀಬೇಕು. ಟಾರ್ಕ್ ಬಿದ್ದಾಗ ಇಂಜಿನ್ ಎದ್ದು ಓರೆಯಾಗುತ್ತೆ, ಮೌಂಟ್ ಹಳೇದಿದ್ರೆ ಇನ್ನೂ ಜಾಸ್ತಿ. ಜಾಗ ಸಾಲದೆ ತೆಳು ಏರ್ ಫಿಲ್ಟರ್ ಹಾಕಿದ್ರೆ ಮ್ಯಾನಿಫೋಲ್ಡ್‌ನಿಂದ ಗಳಿಸಿದ್ದನ್ನ ಅಲ್ಲೇ ಕಳಕೊಳ್ತೀರಿ.

ನೋವಾ_72
ಅಳೆದೆ, ಜಾಗ ಇದೆ. ಕೂರಿಸೋ ಕ್ರಮ ಯಾರಾದ್ರೂ ಬಿಡಿಸಿ ಹೇಳ್ತೀರಾ? ಕೆಲಸ ನಾನೇ ಮಾಡೋದು.

ಗ್ಯಾರೇಜ್_ಗೌಡ
ನಿಧಾನಕ್ಕೆ ಓದಿ, ಇದರಲ್ಲಿ ಅವಸರ ಮಾಡಿದ್ರೆ ಮತ್ತೆ ಬಿಚ್ಚೋದೇ.

ಬ್ಯಾಟರಿ ನೆಗೆಟಿವ್ ತೆಗೀರಿ. ರೇಡಿಯೇಟರ್‌ನಿಂದ ಕೂಲೆಂಟ್ ಇಳಿಸಿ, ಮಟ್ಟ ಹೆಡ್‌ಗಿಂತ ಕೆಳಗೆ ಬರಬೇಕು. ಇಲ್ಲಾಂದ್ರೆ ಮ್ಯಾನಿಫೋಲ್ಡ್ ಎತ್ತಿದ ಕೂಡಲೇ ನೀರು ಲಿಫ್ಟರ್ ವ್ಯಾಲಿಗೆ ಸುರಿದು ಆಯಿಲ್‌ಗೆ ಬೆರೆಯುತ್ತೆ. ಏನೇ ಎಚ್ಚರ ವಹಿಸಿದ್ರೂ ಸ್ವಲ್ಪ ಬೀಳುತ್ತೆ, ಹಾಗಾಗಿ ಕೆಲಸ ಮುಗಿದ ಮೇಲೆ, ಸ್ಟಾರ್ಟ್ ಮಾಡೋ ಮುಂಚೆ, ಆಯಿಲ್ ಮತ್ತು ಫಿಲ್ಟರ್ ಬದಲಿಸಲೇಬೇಕು.

ಮೊದಲನೇ ಸಿಲಿಂಡರನ್ನ ಕಂಪ್ರೆಷನ್ ಸ್ಟ್ರೋಕ್‌ನ ತುದಿಗೆ ತನ್ನಿ. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ರೋಟರ್ ಎತ್ತ ನೋಡ್ತಿದೆ ಅಂತ ಫೈರ್‌ವಾಲ್ ಮೇಲೆ ಗುರುತು ಮಾಡಿ, ಬಾಡಿ ಎಲ್ಲಿದೆ ಅಂತಲೂ ಗುರುತು, ಆಮೇಲೆ ಎತ್ತಿ. ಅಲ್ಲಿಂದ ಕ್ರ್ಯಾಂಕ್ ಅಲುಗಾಡಿಸಬೇಡಿ.

ಹಳೇ ಗ್ಯಾಸ್ಕೆಟ್ ಕೆರೆಯೋ ಮುಂಚೆ ಪೋರ್ಟ್‌ಗಳಿಗೂ ವ್ಯಾಲಿಗೂ ಬಟ್ಟೆ ತುಂಬಿ. ಡ್ರಿಲ್‌ಗೆ ಹಾಕೋ ಉಜ್ಜು ಬಿಲ್ಲೆ ಬೇಡವೇ ಬೇಡ. ಅದರ ಪುಡಿ ಆಯಿಲ್ ಜೊತೆ ಹೋಗಿ ಬೇರಿಂಗ್ ತಿನ್ನುತ್ತೆ. ಕೈಯಲ್ಲೇ ಕೆರೆದು, ಕೊನೆಗೆ ಬ್ರೇಕ್ ಕ್ಲೀನರ್ ಬಟ್ಟೆಯಲ್ಲಿ ಒರೆಸಿ. ಎಣ್ಣೆ ಜಿಡ್ಡು ಉಳಿದಲ್ಲಿ ಆರ್‌ಟಿವಿ ಸಿಲಿಕೋನ್ (ಸೋರಿಕೆ ತಡೆಯೋ ಅಂಟು) ಹಿಡಿಯೋದಿಲ್ಲ.

ಈಗ ಅಂಟು ಇಲ್ಲದೆ ಒಮ್ಮೆ ಕೂರಿಸಿ ನೋಡಿ, ಗ್ಯಾಸ್ಕೆಟ್ ಮಾತ್ರ ಇಟ್ಟು. ಎಲ್ಲಾ ಬೋಲ್ಟೂ ಕೈಯಲ್ಲೇ ಇಳೀಬೇಕು. ತೂತುಗಳು ಎಲ್ಲಾ ಕಡೆ ಒಂದೇ ಥರ ಮೇಲೆ ನಿಂತಿದ್ರೆ ಹೆಡ್ ಅಥವಾ ಬ್ಲಾಕ್ ಹಿಂದೆ ಯಾವಾಗಲೋ ಕೆತ್ತಿಸಿದ್ದಾರೆ ಅಂತ ಅರ್ಥ. ಈ 23 ಡಿಗ್ರಿ (ವಾಲ್ವ್ ಓರೆಯ ಕೋನ) ಹೆಡ್‌ಗಳಿಗೆ ಕೆಳಮುಖದಿಂದ ಕೆತ್ತಿದ್ದರ 1.23 ಪಟ್ಟು ಇನ್‌ಟೇಕ್ ಬದಿಯಿಂದ ತೆಗೀಬೇಕು. 0.030 ಇಂಚು ಕೆತ್ತಿದ್ರೆ 0.037. ಇದನ್ನ ಮೆಷಿನ್ ಶಾಪ್‌ನಲ್ಲಿ ಮಾಡಿಸಿ, ತೂತು ಕೊರೆದು ಅಗಲ ಮಾಡಿ ತಿರುಪೋ ಉಪಾಯ ಬೇಡ, ಪೋರ್ಟ್‌ಗಳು ಎದುರುಬದುರಾಗಿ ಕೂರೋದೇ ಇಲ್ಲ.

ಗ್ಯಾಸ್ಕೆಟ್ ಫೆಲ್-ಪ್ರೊ 1205 ಅಂದ್ಕೊಂಡ್ರೆ, ಅದರ ಪೋರ್ಟ್ ತೂತು 1.28 × 2.09 ಇಂಚು. ನಿಮ್ಮ ಹೆಡ್ ಪೋರ್ಟ್ ಅದಕ್ಕಿಂತ ಚಿಕ್ಕದೇ ಇರುತ್ತೆ, ತೊಂದರೆ ಇಲ್ಲ. ಮ್ಯಾನಿಫೋಲ್ಡ್ ಪೋರ್ಟ್ ಹೆಡ್ ಪೋರ್ಟ್‌ಗಿಂತ ಕೂದಲೆಳೆ ಚಿಕ್ಕದಿದ್ರೆ ಒಳ್ಳೇದೇ. ದೊಡ್ಡದಿದ್ರೆ ಗಾಳಿ ಬಂದು ಗೋಡೆಗೆ ಹೊಡೆಯುತ್ತೆ.

ಕಿಟ್‌ನಲ್ಲಿ ಮುಂದೆ ಹಿಂದೆ ಇಡೋ ಕಾರ್ಕ್ ಅಥವಾ ರಬ್ಬರ್ ಪಟ್ಟಿ ಇರುತ್ತೆ. ಅದನ್ನ ಕಸದ ಬುಟ್ಟಿಗೆ ಹಾಕಿ. ಬಿಗಿದಾಗ ಅದು ಜಾರಿ ಹೊರಗೆ ಬರುತ್ತೆ, ಆಯಿಲ್ ಸೋರುತ್ತೆ. ಬದಲಿಗೆ ಆರ್‌ಟಿವಿ ಕಾಲು ಇಂಚು ದಪ್ಪದ ಒಂದೇ ಗೆರೆ, ಮೂಲೆಗಳಲ್ಲಿ ಗ್ಯಾಸ್ಕೆಟ್ ಮೇಲೆ ಅರ್ಧ ಇಂಚು ಏರಿಸಿ. ನೀರಿನ ತೂತುಗಳ ಸುತ್ತ ಎರಡೂ ಬದಿ ತೆಳ್ಳಗೆ ಸವರಿ. ಗಾಳಿ ಪೋರ್ಟ್ ಸುತ್ತ ಏನೂ ಹಚ್ಚಬೇಡಿ, ಪೆಟ್ರೋಲ್ ತಾಗಿ ಸಿಲಿಕೋನ್ ಉಬ್ಬಿ ಕಿತ್ತುಬರುತ್ತೆ.

ಎರಡು ಉದ್ದದ 3/8-16 ಬೋಲ್ಟ್‌ನ ತಲೆ ಕತ್ತರಿಸಿ ಎದುರುಬದುರು ಮೂಲೆಗೆ ತಿರುಗಿಸಿ. ಮ್ಯಾನಿಫೋಲ್ಡ್ ಅದರ ಮೇಲೆ ನೇರ ಇಳಿಯುತ್ತೆ, ಆಚೀಚೆ ಜಾರಿಸಿ ಆರ್‌ಟಿವಿ ಗೆರೆ ಅಳಿಸೋ ಪ್ರಶ್ನೆ ಇಲ್ಲ. ಬೋಲ್ಟ್‌ಗಳಿಗೆ ಥ್ರೆಡ್ ಸೀಲರ್. ಮಧ್ಯದಿಂದ ಶುರುಮಾಡಿ, ಎರಡೂ ಬದಿ ಅಡ್ಡಾದಿಡ್ಡಿಯಾಗಿ ಹೊರಕ್ಕೆ: ಮೊದಲ ಸುತ್ತು 10 ಫುಟ್-ಪೌಂಡ್, ಎರಡನೇದು 20, ಕೊನೆಗೆ 25ರಿಂದ 30. ಇದು ನಿಮ್ಮ ಹಳೇ ಹೆಡ್‌ಗೆ. ವೋರ್ಟೆಕ್ ಇರೋರು ಇದನ್ನ ನೋಡಿ 30 ಹಾಕಬೇಡಿ, ಅದಕ್ಕೆ ಕೊನೆಯ ಬಿಗಿತ 11 ಮಾತ್ರ. ಒಮ್ಮೆ ಇಂಜಿನ್ ಪೂರ್ತಿ ಬಿಸಿಯಾಗಿ ತಣ್ಣಗಾದ ಮೇಲೆ ಮತ್ತೊಂದು ಸುತ್ತು ಪರೀಕ್ಷಿಸಿ.

ಧಾರವಾಡ_ಪೇಢೆ
ಡಿಸ್ಟ್ರಿಬ್ಯೂಟರ್ ಇಳಿಸುವಾಗ ಕಡೇ ಕಾಲು ಇಂಚು ಇಳಿಯವಲ್ದು ಅಂದ್ರ ಕ್ಲ್ಯಾಂಪ್ ಬಿಗದು ಕೆಳಗ ಎಳೀಬ್ಯಾಡ್ರಿ. ಆಯಿಲ್ ಪಂಪಿನ ಶಾಫ್ಟ್ ಕೂಡಿಲ್ಲ ಅಂತ ಅರ್ಥ. ಉದ್ದನ ಸ್ಕ್ರೂಡ್ರೈವರಿಂದ ಶಾಫ್ಟ್ ತುಸು ತಿರುಗಿಸಿ ಮತ್ತ ಇಳಿಸ್ರಿ. ಜಬರದಸ್ತಿ ಮಾಡಿದ್ರ ಗೇರ್ ಹಲ್ಲು ಹೋಗ್ತಾವು, ಇಲ್ಲಾ ಆಯಿಲ್ ಪಂಪ್ ತಿರುಗಂಗಿಲ್ಲ.

ವ್ಯಾಕ್ಯೂಮ್_ಗೇಜ್
ಸ್ಟಾರ್ಟ್ ಆದ ಮೇಲೆ ಟೈಮಿಂಗ್ ನೋಡಿ: ವ್ಯಾಕ್ಯೂಮ್ ಹೋಸ್ ಕಳಚಿ ಮುಚ್ಚಿ, ಐಡಲ್‌ನಲ್ಲಿ 10ರಿಂದ 12 ಡಿಗ್ರಿ, 3000 ಹತ್ತಿರ ಒಟ್ಟು 34ರಿಂದ 36.

ಗಾಳಿ ಸೋರಿಕೆ ಹೊರಗಡೆ ಇದ್ರೆ ಹುಡುಕೋದು ಸುಲಭ. ಉರಿಯದ ಪ್ರೊಪೇನ್ ಟಾರ್ಚ್‌ಗೆ ಹೋಸ್ ಸಿಕ್ಕಿಸಿ ಗ್ಯಾಸ್ಕೆಟ್ ಅಂಚಿನುದ್ದಕ್ಕೂ ಹಿಡೀರಿ, ಐಡಲ್ ಏರಿದ ಜಾಗದಲ್ಲಿ ಸೋರಿಕೆ. ಬೆಂಕಿ ಕಿಡಿ ಹತ್ತಿರ ಇರಬಾರದು, ಗ್ಯಾರೇಜ್ ಬಾಗಿಲು ತೆಗೆದಿರಲಿ. ಕಾಣದ್ದು ಕೆಳಗಡೆಯ ಸೋರಿಕೆ. ಮ್ಯಾನಿಫೋಲ್ಡ್ ಓರೆಯಾಗಿ ಕೂತು ಪೋರ್ಟ್‌ನ ತಳ ಬಿಟ್ಟುಕೊಂಡಿದ್ರೆ ವ್ಯಾಲಿಯಿಂದ ಆಯಿಲ್ ಆವಿ ಎಳೆಯುತ್ತೆ. ಒಂದೆರಡು ಪ್ಲಗ್ ಮಾತ್ರ ಎಣ್ಣೆ ಎಣ್ಣೆ, ಹಿಂದೆ ನೀಲಿ ಹೊಗೆ. ಜನ ರಿಂಗ್ ಹೋಯ್ತು ಅಂತ ಇಂಜಿನ್ ಬಿಚ್ಚಿಬಿಡ್ತಾರೆ. ಅದಕ್ಕೂ ಮುಂಚೆ ಪಿಸಿವಿ ಹೋಸ್ (ಇಂಜಿನ್ ಒಳಗಿನ ಆವಿ ಎಳೆಯೋದು) ಕಳಚಿ, ಎರಡೂ ಕಡೆ ಮುಚ್ಚಿ, ಐಡಲ್‌ನಲ್ಲಿ ಆಯಿಲ್ ತುಂಬೋ ಬಾಯಿಗೆ ಅಂಗೈ ಇಡಿ, ಬ್ರೀದರ್ ಮುಚ್ಚಿರಲಿ. ಸಣ್ಣಗೆ ಹೊರಕ್ಕೆ ಊದಬೇಕು. ಒಳಕ್ಕೆ ಎಳೆದ್ರೆ ಸೋರಿಕೆ ಗ್ಯಾಸ್ಕೆಟ್ ತಳದಲ್ಲಿ.

ನೋವಾ_72
ಗೇರ್‌ಬಾಕ್ಸ್ ಕೇಬಲ್ ಏನಾದ್ರೂ ಬದಲಿಸಬೇಕಾ?

ಧಾರವಾಡ_ಪೇಢೆ
ಟಿಎಚ್350ದಾಗ ಅದು ಕಿಕ್‌ಡೌನ್ ಕೇಬಲ್ ಅಷ್ಟ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಪೂರ್ತಿ ಎಳೀಬೇಕು, ಬ್ರ್ಯಾಕೆಟ್ ಹೊಸ ಎತ್ತರಕ್ಕ ಹೊಂದಸ್ರಿ. ಕಾರ್ಬ್ ಅದೇ ಕ್ವಾಡ್ರಾಜೆಟ್ ಇದ್ರ ಹೆಚ್ಚು ಕೆಲಸ ಇಲ್ಲ. 700ಆರ್4 (ಇನ್ನೊಂದು ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಇರೋರು ಮಾತ್ರ ಹುಷಾರ್! ಅದರ ಟಿವಿ (ಥ್ರಾಟಲ್ ವಾಲ್ವ್) ಕೇಬಲ್ ಬರೇ ಗೇರ್ ಬೀಳಸೂದಲ್ಲ, ಒಳಗಿನ ಆಯಿಲ್ ಒತ್ತಡಾನೂ ಅದಾ ನಿರ್ಧರಸ್ತೈತಿ. ಕಾರ್ಬ್ ಬದಲಾಗಿ ಎಳೆತದ ಕೋನ ತಪ್ಪಿದ್ರ ಒತ್ತಡ ಸಾಲದ ಕ್ಲಚ್ ಸುಟ್ಟು ಹೋಗ್ತಾವು. ಕೋನ ಸರಿ ಮಾಡೋ ತುಂಡು ಸಿಗತೈತಿ, ಅದನ್ನ ಹಾಕದ ರಸ್ತೆಗಿಳೀಬ್ಯಾಡ್ರಿ.

ಬೆಂಗಳೂರು_ಬಾನೆಟ್
ಮಧ್ಯೆ ಬಾಯಿ ಹಾಕ್ತಿದ್ದೀನಿ. ನಮ್ಮ ಕಡೆಯ ನಾಲ್ಕು ಸಿಲಿಂಡರ್ ಇಂಜೆಕ್ಷನ್ ಕಾರುಗಳಿಗೆ ಇದರಲ್ಲಿ ಏನಾದ್ರೂ ಅನ್ವಯ ಆಗುತ್ತಾ?

ವ್ಯಾಕ್ಯೂಮ್_ಗೇಜ್
ಡ್ಯುಯಲ್ ಪ್ಲೇನ್ ಮಾತು ಇಲ್ಲ, ಪೆಟ್ರೋಲ್ ವಾಲ್ವ್ ಪಕ್ಕದಲ್ಲೇ ಸಿಂಪಡಣೆ ಆಗೋದ್ರಿಂದ ರನ್ನರ್‌ನಲ್ಲಿ ಬರೀ ಗಾಳಿ. ರನ್ನರ್ ಉದ್ದ, ಅಡ್ಡಳತೆಯ ಲೆಕ್ಕ ಮಾತ್ರ ಅದೇ: ಗಿಡ್ಡ, ಅಗಲ ಮಾಡಿದ್ರೆ ಮೇಲೆ ಲಾಭ, ಕೆಳಗೆ ನಷ್ಟ. 1.3 ಲೀಟರ್ ಇಂಜಿನ್‌ಗೆ ಕೆಳಗೆ ಕಳಕೊಳ್ಳೋಕೆ ಇರೋದೇ ಕಡಿಮೆ. ಇಸಿಯು (ಇಂಜಿನ್ ಕಂಪ್ಯೂಟರ್) ಟ್ಯೂನ್ ಮಾಡಿಸದೆ ಹಾಕೋದು ದಂಡ. ವಾಹನ ಮಾರ್ಪಾಡಿನ ಬಗ್ಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನೂ ಓದ್ಕೊಳ್ಳಿ. ಅಂದ ಹಾಗೆ ಇಲ್ಲಿ ಕ್ಯಾಲಿಫೋರ್ನಿಯಾದಲ್ಲೂ 1976 ಮತ್ತು ಅದರ ನಂತರದ ಪೆಟ್ರೋಲ್ ಕಾರಾದ್ರೆ ಮ್ಯಾನಿಫೋಲ್ಡ್‌ಗೆ ಸರ್ಕಾರದ ಇಓ (ಒಪ್ಪಿಗೆ ಆದೇಶದ) ನಂಬರ್ ಇರಬೇಕು, ಕಾರಿಗೆ ಇಜಿಆರ್ (ಸ್ವಲ್ಪ ಹೊಗೆಯನ್ನ ಮತ್ತೆ ಇಂಜಿನ್‌ಗೆ ಕಳಿಸೋ ವ್ಯವಸ್ಥೆ) ಬಂದಿದ್ರೆ ಅದನ್ನ ಉಳಿಸೋ ಮಾದರಿಯೇ ಬೇಕು. 1975 ಮತ್ತು ಅದಕ್ಕಿಂತ ಹಳೇದಕ್ಕೆ ಸ್ಮಾಗ್ ಪರೀಕ್ಷೆಯೇ ಇಲ್ಲ.

ನೋವಾ_72
7104 ಆರ್ಡರ್ ಮಾಡಿದೆ. ಜೊತೆಗೆ 1205 ಗ್ಯಾಸ್ಕೆಟ್, ಎಲೆಕ್ಟ್ರಿಕ್ ಚೋಕ್ ಕಿಟ್. ಕಾರ್ಬ್ ಕೆಳಗೆ ಒಂದು ಇಂಚಿನ ಸ್ಪೇಸರ್ ಹಾಕಿದ್ರೆ ಒಳ್ಳೇದಾ?

ನಾಲ್ಕು_ಬ್ಯಾರೆಲ್
ಮೊದಲು ಸ್ಪೇಸರ್ ಇಲ್ಲದೆ ಓಡಿಸಿ. ಬಿಸಿಗೆ ಪೆಟ್ರೋಲ್ ಕುದೀತಿದ್ರೆ ಮಾತ್ರ ಅರ್ಧ ಇಂಚಿನ ಫೀನಾಲಿಕ್ (ಬಿಸಿ ದಾಟಿಸದ ವಸ್ತು) ಸ್ಪೇಸರ್, ನಾಲ್ಕು ತೂತಿನದು, ಸ್ಪ್ರೆಡ್ ಬೋರ್ ಅಳತೆಯದು. ಒಂದೇ ದೊಡ್ಡ ತೂತಿನ ಓಪನ್ ಸ್ಪೇಸರ್ ಬೇಡ. ಅದು ಎರಡು ಪ್ಲೇನ್ ಮಧ್ಯದ ಗೋಡೆ ಮೇಲೆ ಕಿಂಡಿ ತೆರೆದ ಹಾಗೆ, ಕೆಳಗಿನ ಆರ್‌ಪಿಎಂನಲ್ಲಿ ಕಾರ್ಬ್‌ಗೆ ಸಿಗೋ ಸಿಗ್ನಲ್ ಸಡಿಲವಾಗುತ್ತೆ. ಬಾನೆಟ್ ಅಳತೆಯನ್ನ ಸ್ಪೇಸರ್ ಸೇರಿಸಿ ಇನ್ನೊಮ್ಮೆ ನೋಡಿಕೊಳ್ಳಿ.